ಬ್ಯಾಂಕಾಕಿನ ಕಾಲುವೆಯಲ್ಲಿ ಸಿಕ್ಕ ಗಂಗಮ್ಮ

ಸಕ್ಕರೆ ಆನೆಯ ಸೊಂಡಿಲು ಮುರಿದಿತ್ತು. ಗಂಗಾವತಿ ಪೇಟೆಯಲ್ಲಿ ಕೊಂಡು, ಹತ್ತಿಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎರಡು ಸೀರೆಗಳ ನಡುವೆ ಕೂರಿಸಿ ಬ್ಯಾಂಕಾಕ್‌ವರೆಗೆ ತಂದಿದ್ದೆ. ತೇರು ಉಳಿದಿತ್ತು. ಗಿಳಿ ಉಳಿದಿತ್ತು. ಆನೆಗೆ ಮಾತ್ರ ಪೆಟ್ಟು ಬಿದ್ದಿತ್ತು. ನನ್ನ ತಮ್ಮನ ಮಗಳು, ಆರು ವರ್ಷದವಳು, ಅದನ್ನು ಅಂಗೈ ಮೇಲಿಟ್ಟುಕೊಂಡು "ಅತ್ತಿ, ಇದಕ್ಕ ನೋವಾಗೇತೇನು?" ಅಂತ ಕೇಳಿದಳು.

ನಮ್ಮದು ಆನೆಗುಂದಿ ಹತ್ತಿರದ ಹಳ್ಳಿ. ಬಾಳೆ, ಭತ್ತ ಎರಡೂ ಇದೆ. ತೋಟದಲ್ಲಿ ನಿಂತು ಕೂಗಿದರೆ ತುಂಗಭದ್ರಾ ಹೊಳೆಗೆ ಕೇಳುತ್ತದೆ, ಅಷ್ಟು ಹತ್ತಿರ. ತಮ್ಮ ಬ್ಯಾಂಕಾಕಿನಲ್ಲಿ ಕೆಲಸಕ್ಕಿದ್ದಾನೆ. 2024ರ ಅಕ್ಟೋಬರಿನಲ್ಲಿ ಅವನಿಗೆ ಎರಡನೇ ಮಗು ಹುಟ್ಟಿತು. ಹೆರಿಗೆಗೆ ಅವನ ಅತ್ತೆ ಹೋಗಿದ್ದರು, ಆದರೆ ಅವರು ಬೇಗ ಮರಳಬೇಕಾಯಿತು. ಅವ್ವನಿಗೆ ಮೊಣಕಾಲು ನೋವು. ಹೀಗಾಗಿ ದೀಪಾವಳಿ ಪಾಡ್ಯ ಮುಗಿಸಿ ಬಾಣಂತನಕ್ಕೆ ನಾನು ಹೊರಟೆ. ಜೋಳದ ಹಿಟ್ಟು, ಅಂಟಿನುಂಡೆ, ಬಜೆ, ಗುರೆಳ್ಳು ಪುಡಿ, ಶೇಂಗಾ ಚಟ್ನಿ. ಇವುಗಳ ಜೊತೆ ಈ ಸಕ್ಕರೆ ಗೊಂಬೆ.

ಮೈಸೂರು ಕಡೆಯವರಿಗೆ ಗೌರಿ ಹಬ್ಬ ಅಂದರೆ ಗಣಪತಿ ಹಿಂದಿನ ದಿನ. ನಮ್ಮ ಕಡೆ ಕಾರ್ತೀಕದ ಹುಣ್ಣಿಮೆಯೇ ಗೌರಿ ಹುಣ್ಣಿಮೆ. ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಕಟ್ಟಿಗೆಯ ಅಚ್ಚಿಗೆ ಹೊಯ್ದು ಆನೆ, ಒಂಟೆ, ನವಿಲು, ತೇರು ಮಾಡುತ್ತಾರೆ. ಸಂಜೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ಅವನ್ನಿಟ್ಟು, ನಡುವೆ ದೀಪ ಹಚ್ಚಿ, ಹಾಡು ಹೇಳುತ್ತಾ ಗೌರಿಗೆ ಆರತಿ ಬೆಳಗಲು ಹೋಗುತ್ತಾರೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಬರುತ್ತದೆ. ನನಗೆ ನೆನಪಿರುವಷ್ಟು ಕಾಲದಿಂದ ಒಂದು ವರ್ಷವೂ ನಾನು ಇದನ್ನು ತಪ್ಪಿಸಿರಲಿಲ್ಲ. ತಮ್ಮನ ಮಗಳು ಅಂದರೆ ನನಗೆ ಸೊಸೆ, ಅವಳಿಗೂ ತೋರಿಸಬೇಕು ಅನ್ನುವುದು ನನ್ನ ಆಸೆ.

ಆ ವರ್ಷ ಹುಣ್ಣಿಮೆ ಬಂದದ್ದು ನವೆಂಬರ್ 15ಕ್ಕೆ, ಶುಕ್ರವಾರ. ಬೆಳಿಗ್ಗೆ ಬಾಣಂತಿಗೆ ಎಣ್ಣೆ ನೀರು ಹಾಕಿ, ಮಗುವನ್ನು ಮಲಗಿಸಿ, ಕೈ ಒರೆಸಿಕೊಳ್ಳುತ್ತಾ ಬಾಲ್ಕನಿಗೆ ಬಂದೆ. ಕೆಳಗೆ ಎದುರುಮನೆಯ ಅಂಗಳದಲ್ಲಿ ಒಂದು ಬಾಳೆ ಬೊಡ್ಡೆ ಬಿದ್ದಿತ್ತು. ಇಡೀ ಬೊಡ್ಡೆ. ಒಬ್ಬ ಹಿರಿಯ ಹೆಂಗಸು ದೊಡ್ಡ ಚಾಕು ಹಿಡಿದು ಅದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಿದ್ದರು.

ನಾನು ನಿಂತಲ್ಲೇ ನಿಂತೆ. ಬಾಳೆಗೆ ಒಂದೇ ಗೊನೆ. ಗೊನೆ ಕಡಿದ ಮೇಲೆ ಬೊಡ್ಡೆ ಕಡಿದು ಸಾಲಿನ ನಡುವೆ ಕೆಡವುತ್ತೇವೆ. ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ, ಇಲ್ಲವೇ ದನ ತಿನ್ನುತ್ತವೆ. ಆನೆಗುಂದಿಯಲ್ಲಿ ಬಾಳೆ ನಾರು ತೆಗೆದು ಚೀಲ, ಚಾಪೆ ಹೆಣೆಯುವ ಹೆಣ್ಣುಮಕ್ಕಳಿದ್ದಾರೆ, ಅವರು ಒಂದಿಷ್ಟು ಒಯ್ಯುತ್ತಾರೆ. ಇಷ್ಟು ಬಿಟ್ಟರೆ ಬೊಡ್ಡೆಗೆ ಇನ್ನೊಂದು ಕೆಲಸವಿದೆ ಅಂತ ನನಗೆ ಗೊತ್ತಿರಲಿಲ್ಲ.

ಸೊಸೆ ಹೇಳಿದಳು: "ಅವರು ಪಾ. ಇವತ್ತ ಲೋಯ್ ಕ್ರಥೋಂಗ್ ಅಲ್ವಾ, ಅದಕ್ಕ." ಪಾ ಅಂದರೆ ಥಾಯ್ ಮಾತಿನಲ್ಲಿ ದೊಡ್ಡವ್ವ. ಹೆಸರಲ್ಲ, ಕರೆಯುವ ರೀತಿ. ಈ ದೊಡ್ಡವ್ವ ರಸ್ತೆ ಬದಿಯಲ್ಲಿ ಕೆಂಡದ ಮೇಲೆ ಬಾಳೆಹಣ್ಣು ಸುಟ್ಟು ಮಾರುತ್ತಾರೆ. ಬಾಳೆ ಬೆಳೆಯುವವಳು ಮತ್ತು ಬಾಳೆ ಸುಡುವವರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಆದರೂ ಐದು ನಿಮಿಷದಲ್ಲಿ ನಾನು ಅವರ ಅಂಗಳದಲ್ಲಿ ಚಾಪೆ ಮೇಲೆ ಕೂತಿದ್ದೆ. ನಮ್ಮ ನಡುವೆ ಸೊಸೆ ಕೂತಳು. ಅವಳೇ ನಮ್ಮಿಬ್ಬರ ನಾಲಿಗೆ.

ಬೊಡ್ಡೆಯ ಬಿಲ್ಲೆಯನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಮೂರು ಬೆರಳು ದಪ್ಪ. ಉಂಗುರದೊಳಗೆ ಉಂಗುರ. ಬಾಳೆಯದು ಮರವಲ್ಲ ಅಲ್ವಾ, ಎಲೆಯ ಬುಡಗಳೇ ಒಂದನ್ನೊಂದು ಸುತ್ತಿಕೊಂಡು ಬೊಡ್ಡೆಯಾಗಿರುತ್ತವೆ. ಪ್ರತಿ ಸುತ್ತಿನಲ್ಲೂ ಜೇನುಗೂಡಿನ ಹಾಗೆ ಚಿಕ್ಕ ಚಿಕ್ಕ ಗೂಡು, ಗೂಡಿನೊಳಗೆ ಗಾಳಿ. ತೇಲುವುದು ಅದಕ್ಕೇ. ಇಷ್ಟು ವರ್ಷ ಬಾಳೆ ಕಡಿದಿದ್ದೇನೆ. ಅದರ ಒಳಗನ್ನು ಹೀಗೆ ಮಡಿಲಲ್ಲಿ ಇಟ್ಟುಕೊಂಡು ನೋಡಿದ್ದು ಅದೇ ಮೊದಲು.

ಎಲೆ ಮಡಿಸುವುದು ಮಾತ್ರ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಲೆಯನ್ನು ಬಿಸಿಲಿಗೆ ಸ್ವಲ್ಪ ಬಾಡಿಸಿದ್ದರು. ಹಸಿ ಎಲೆ ಮಡಿಸಿದರೆ ಸೀಳುತ್ತದೆ, ನಮ್ಮಲ್ಲೂ ಹಾಗೇ ಮಾಡುತ್ತೇವೆ. ನಾಲ್ಕು ಬೆರಳಗಲ ಪಟ್ಟಿ ಹರಿದು, ತುದಿಗಳನ್ನು ಒಳಕ್ಕೆ ಮಡಿಸಿ, ಕಮಲದ ಎಸಳಿನ ಹಾಗೆ ಚೂಪು ಮಾಡಿ, ಬಿಲ್ಲೆಯ ಸುತ್ತ ಒಂದರ ಪಕ್ಕ ಒಂದು ಚುಚ್ಚಬೇಕು. ಪಾ ಕೈಯಲ್ಲಿ ಸಣ್ಣ ಬಿದಿರು ಕಡ್ಡಿ. ಗುಂಡುಸೂಜಿ ಚುಚ್ಚುವವರೂ ಇದ್ದಾರೆ. ಅದು ಮೀನಿನ ಬಾಯಿಗೆ ಹೋಗುತ್ತದೆ ಅಂತ ಅವರು ಚುಚ್ಚುವುದಿಲ್ಲ. ನಾನು ಊಟದ ದೊನ್ನೆ ಹಚ್ಚುವ ರೀತಿಯಲ್ಲಿ ಕಡ್ಡಿ ಹಾಕಿದೆ. ಪಾ ನನ್ನ ಕೈ ಹಿಡಿದು ತಿರುಗಿಸಿ ನೋಡಿ ಏನೋ ಅಂದರು. "ಪಾಗ ನಿನ್ ಕೈ ಸೇರೇತಿ" ಅಂದಳು ಸೊಸೆ.

ಆಮೇಲೆ ತಿಳಿಯಿತು, ಕ್ರಥೋಂಗ್ ಅಂದರೆ ಎಲೆಯ ದೊನ್ನೆ ಅಂತಲೇ ಅರ್ಥ. ಲೋಯ್ ಅಂದರೆ ತೇಲು. ದೊನ್ನೆ ತೇಲಿಸುವ ಹಬ್ಬ. ಅವರ ಪಂಚಾಂಗದ ಹನ್ನೆರಡನೇ ತಿಂಗಳ ಹುಣ್ಣಿಮೆಗೆ ಬರುತ್ತದೆ. ಸುಖೋಥಾಯ್ ಕಾಲದಲ್ಲಿ ನೊಪ್ಪಮಾಸ್ ಅನ್ನುವ ಹೆಣ್ಣುಮಗಳು ಕಮಲದ ಆಕಾರದ ಮೊದಲ ಕ್ರಥೋಂಗ್ ಮಾಡಿದಳು ಅಂತ ಕತೆ. ಕಾಗದದ ದೀಪ ಆಕಾಶಕ್ಕೆ ಬಿಡುವ ಫೋಟೋ ನೀವು ನೋಡಿರಬಹುದು. ಅದು ಉತ್ತರದ ಚಿಯಾಂಗ್ ಮಾಯ್ ಕಡೆಯ ಪದ್ಧತಿ. ಬ್ಯಾಂಕಾಕಿನಲ್ಲಿ ದೀಪ ಹೋಗುವುದು ನೀರಿಗೆ.

ಹೂ ಅಂತ ಪಾ ಒಂದು ಬುಟ್ಟಿ ಮುಂದಿಟ್ಟರು. ಚೆಂಡು ಹೂ, ಆರ್ಕಿಡ್, ಅದರ ಜೊತೆ ಎಕ್ಕದ ಹೂ! ಶನಿವಾರ ಅಂಜನಾದ್ರಿ ಹತ್ತುವವರು ಹನುಮಪ್ಪನಿಗೆ ಹಿಡಿದುಕೊಂಡು ಹೋಗುವ ಅದೇ ಎಕ್ಕದ ಹೂ. ಥಾಯ್ ಮಾತಿನಲ್ಲಿ ಅದಕ್ಕೆ 'ದೋಕ್ ರಕ್' ಅನ್ನುತ್ತಾರೆ, ಪ್ರೀತಿಯ ಹೂ. ನಮ್ಮಲ್ಲಿ ಹಾಳು ಬಿದ್ದ ಜಾಗದಲ್ಲಿ ಬೆಳೆಯುವ ಗಿಡಕ್ಕೆ ಎಂಥಾ ಹೆಸರು ಇಟ್ಟಿದ್ದಾರೆ ನೋಡಿ. ನಡುವೆ ಒಂದು ಮೇಣದಬತ್ತಿ, ಮೂರು ಊದುಬತ್ತಿ, ಒಂದು ಬಾತ್ ನಾಣ್ಯ. ಪಾ ತಮ್ಮ ಕೂದಲ ತುದಿ, ಉಗುರಿನ ಚೂರು ಕತ್ತರಿಸಿ ತಮ್ಮ ದೊನ್ನೆಯಲ್ಲಿಟ್ಟರು. ವರ್ಷದ ಕೆಟ್ಟದ್ದೆಲ್ಲಾ ಅದರ ಜೊತೆ ಹೋಗಲಿ ಅಂತ. ಹುಲಿಗಿಯಲ್ಲಿ ಹೊಳೆ ದಂಡೆ ಮೇಲೆ ಮಕ್ಕಳ ಜವಳ ತೆಗೆಸುವುದನ್ನು ನೋಡಿ ಬೆಳೆದವಳಿಗೆ ಕೂದಲಿನ ಮಾತು ಅರ್ಥವಾಯಿತು. ಉಗುರು ಮಾತ್ರ ನನ್ನಿಂದ ಆಗಲಿಲ್ಲ.

ಇನ್ನು ನಾನು ಹೇಳಬೇಕು ಅಂತ ಇಷ್ಟು ದಿನದಿಂದ ಕಾಯುತ್ತಿರುವ ಮಾತು.

ದೊನ್ನೆ ಮುಗಿದ ಮೇಲೆ, ಸಂಜೆ ಏನು ಹೇಳಬೇಕು ಅಂತ ಪಾ ಸೊಸೆಗೆ ಕಲಿಸುತ್ತಿದ್ದರು. ಕೈ ಮುಗಿದು, ದೊನ್ನೆಯನ್ನು ಹಣೆಯವರೆಗೆ ಎತ್ತಿ ಹೇಳುವ ಮಾತು. ನಾನು ನೆಲದ ಮೇಲಿನ ಎಲೆ ಚೂರು ಆರಿಸುತ್ತಿದ್ದೆ. "ಖೋ ಖಮಾ ಫ್ರಾ ಮೇ ಖೋಂಗ್ಖಾ." ಕೈ ನಿಂತಿತು. ಇನ್ನೊಮ್ಮೆ ಹೇಳಿಸಿದೆ. ಖಮಾ. ಖೋಂಗ್ಖಾ.

"ಅಂದ್ರ ಏನವ್ವಾ?" ಅಂತ ಕೇಳಿದೆ.

"ನೀರಿನ ಅಮ್ಮಗ ಸಾರಿ ಕೇಳೋದು ಅತ್ತಿ."

ಖಮಾ ಅಂದರೆ ಕ್ಷಮಾ. ಖೋಂಗ್ಖಾ ಅಂದರೆ ಗಂಗಾ. ಮೇ ಅಂದರೆ ತಾಯಿ. ತಾಯಿ ಗಂಗೆ, ಕ್ಷಮಿಸು. ನದಿಗೆ ಥಾಯ್ ಮಾತಿನಲ್ಲಿ 'ಮೇ ನಾಮ್' ಅನ್ನುತ್ತಾರಂತೆ. ನಾಮ್ ಅಂದರೆ ನೀರು. ನದಿ ಅನ್ನುವ ಪದವೇ ತಾಯಿನೀರು. ಗಂಗಾವತಿ ತಾಲೂಕಿನಲ್ಲಿ ಹುಟ್ಟಿ, ದಿನಾ ಬೆಳಗಾದರೆ ಹೊಳೆ ನೋಡುವ ನನಗೆ, ಅಷ್ಟು ದೂರದ ಅಂಗಳದಲ್ಲಿ ನಮ್ಮ ಗಂಗಮ್ಮನ ಹೆಸರು ಕೇಳಿ ಗಂಟಲು ಬಿಗಿಯಿತು.

ಅದಕ್ಕಿಂತ ಜಾಸ್ತಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಇನ್ನೊಂದು ಪದ. ನಾವು ಹೊಳೆಗೆ ಏನೆಲ್ಲಾ ಹೇಳುತ್ತೇವೆ? ಡ್ಯಾಂ ತುಂಬಿದರೆ ಬಾಗಿನ ಕೊಡುತ್ತೇವೆ. ಗಂಗೆ ಪೂಜೆ ಮಾಡುತ್ತೇವೆ. ಉಡಿ ತುಂಬುತ್ತೇವೆ. ಮಳೆ ಕೊಡು, ಬೆಳೆ ಕೊಡು, ಮಕ್ಕಳನ್ನು ಕಾಪಾಡು ಅನ್ನುತ್ತೇವೆ. ತಪ್ಪಾಯಿತು ಅಂತ ಹೇಳಿದ್ದು ನನಗೆ ನೆನಪಿಲ್ಲ. ಪಾ ಹೇಳಿದ್ದನ್ನು ಸೊಸೆ ಹೇಳಿದಳು: ವರ್ಷವಿಡೀ ಕುಡಿಯುತ್ತೇವೆ, ತೊಳೆಯುತ್ತೇವೆ, ಹೊಲಸು ಬಿಡುತ್ತೇವೆ, ಒಂದು ದಿನವಾದರೂ ಕೇಳಬೇಡವೇ?

ನಾನು ಪಾಗೆ ಆಗಸ್ಟ್ ತಿಂಗಳ ಕತೆ ಹೇಳಿದೆ. 2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಡ್ಯಾಂನ 33 ಗೇಟುಗಳಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ರಾತ್ರಿ ನಮ್ಮ ಊರಲ್ಲಿ ಯಾರೂ ಮಲಗಲಿಲ್ಲ. ಫೋನ್ ಮೇಲೆ ಫೋನ್. ಡ್ಯಾಂ ಮೇಲಿನ ಭಾರ ಇಳಿಸಲು ಉಳಿದ ಗೇಟುಗಳನ್ನೂ ತೆಗೆದರು. ಬೆಳಿಗ್ಗೆ ಹೊಳೆ ನೋಡಿದರೆ ಕೆಂಪು ನೀರು, ಒಂದೇ ಸಮನೆ ಸದ್ದು. ನಮ್ಮ ತೋಟದ ಅಂಚಿನ ಎರಡು ಸಾಲು ಬಾಳೆ ನೀರಲ್ಲಿ ನಿಂತಿತ್ತು. ನೀರು ಬಂತಲ್ಲ ಅನ್ನುವ ಭಯ ಒಂದು ಕಡೆ. ಎರಡು ಬೆಳೆಯ ನೀರು ಕಣ್ಣ ಮುಂದೆ ಹೋಗುತ್ತಿದೆಯಲ್ಲ ಅನ್ನುವ ಸಂಕಟ ಇನ್ನೊಂದು ಕಡೆ. ಹರಿಯುವ ನೀರಲ್ಲೇ ಒಂದು ವಾರದಲ್ಲಿ ಸ್ಟಾಪ್ ಲಾಗ್, ಅಂದರೆ ಗೇಟಿನ ಬದಲಿಗೆ ನೀರು ತಡೆಯುವ ಉಕ್ಕಿನ ಅಡ್ಡಹಲಗೆ, ಇಳಿಸಿದರು. ಆಮೇಲೆ ಮಳೆ ಬಂದು ಡ್ಯಾಂ ಮತ್ತೆ ತುಂಬಿತು. ಆ ವಾರ ಅವ್ವ ದೇವರ ಮನೆಯಲ್ಲಿ ದೀಪ ಆರಲು ಬಿಟ್ಟಿರಲಿಲ್ಲ.

ಇಷ್ಟನ್ನೂ ಸೊಸೆ ಹೇಗೆ ಹೇಳಿದಳೋ. ನನಗೆ ಕೇಳಿದ್ದು ಅವಳು ಕೈ ಅಗಲಿಸಿ "ದೊಡ್ಡ ಬಾಗಿಲು" ತೋರಿಸಿದ್ದು, ಆಮೇಲೆ ಎರಡೂ ಕೈ ಚೆಲ್ಲಿದ್ದು. ಪಾ ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ತಮ್ಮ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಅವರ ಮಗಳ ಮನೆ, ಚಿಯಾಂಗ್ ಮಾಯ್‌ನಲ್ಲಿ. ಹಿಂದಿನ ತಿಂಗಳಷ್ಟೇ ಅಲ್ಲಿ ಪಿಂಗ್ ನದಿ ಉಕ್ಕಿ ಊರಿಗೆ ನುಗ್ಗಿತ್ತು. ಗೋಡೆಯ ಮೇಲೆ ಎದೆಯೆತ್ತರಕ್ಕೆ ಕೆಸರಿನ ಗೆರೆ. ಫೋಟೋ ನೋಡಿ ನಾನೂ ಮಾತಾಡಲಿಲ್ಲ.

ಸಂಜೆ ಆರೂವರೆಗೆ ಹೊರಟೆವು. ನಾನು, ಸೊಸೆ, ಪಾ. ಬಾಣಂತಿ ಹೊಸ್ತಿಲು ದಾಟುವ ಹಾಗಿಲ್ಲ. ತಮ್ಮ ಮನೆಯಲ್ಲೇ ಉಳಿದ. ದಾರಿಯುದ್ದಕ್ಕೂ ಒಂದೇ ಹಾಡು, ಎಲ್ಲಾ ಅಂಗಡಿಯಲ್ಲೂ. ಬಣ್ಣ ಬಣ್ಣದ ಬ್ರೆಡ್ಡಿನ ಕ್ರಥೋಂಗ್ ಮಾರುತ್ತಿದ್ದರು, ಆಮೆ ಆಕಾರದ್ದೂ ಇತ್ತು. ಸೊಸೆ ಅದಕ್ಕೆ ಹಟ ಮಾಡಿದಳು. ಮೀನು ತಿನ್ನುತ್ತವೆ ಅಂತ ಬ್ರೆಡ್ಡಿನದು ಮಾಡುತ್ತಾರೆ. ಆದರೆ ಎಲ್ಲರೂ ಅದನ್ನೇ ಬಿಟ್ಟರೆ ಮೀನು ತಿಂದು ಮುಗಿಯುವುದಿಲ್ಲ, ಉಳಿದದ್ದು ಕೊಳೆತು ನೀರು ಕೆಡುತ್ತದೆ. ಪಾ ತಮ್ಮ ದೊನ್ನೆಯನ್ನು ಅವಳ ಕೈಗೆ ಕೊಟ್ಟು ಸಮಾಧಾನ ಮಾಡಿದರು.

ನಾವು ಹೋದದ್ದು ಫ್ರಾ ಖನೋಂಗ್ ಕಾಲುವೆ ದಂಡೆಯ ಗುಡಿಗೆ. ವಾಟ್ ಮಹಾಬುತ್ ಅಂತ ಹೆಸರು. ಅಲ್ಲೊಂದು ಸಣ್ಣ ಗುಡಿಯೊಳಗೆ ಒಬ್ಬ ಹೆಣ್ಣಿನ ಮೂರ್ತಿ. ಮೈತುಂಬಾ ಚಿನ್ನದ ರೇಕು, ಮಡಿಲಲ್ಲಿ ಕೂಸು. ಸುತ್ತ ತೂಗುಹಾಕಿದ ರೇಷ್ಮೆ ಬಟ್ಟೆಗಳು, ಕನ್ನಡಿ, ಬಾಚಣಿಗೆ. ಕೂಸಿಗೆ ಅಂತ ಆಟದ ಸಾಮಾನುಗಳ ರಾಶಿ. ಯಾರು ಇವರು ಅಂತ ಕೇಳಿದೆ. ಮೇ ನಾಕ್. ಗಂಡ ಯುದ್ಧಕ್ಕೆ ಹೋದಾಗ ಹೆರಿಗೆಯಲ್ಲಿ ತೀರಿಕೊಂಡವಳು. ಸತ್ತ ಮೇಲೂ ಗಂಡನಿಗಾಗಿ ಮನೆಯಲ್ಲಿ ಕಾದವಳು. ಮೊದಲು ಜನ ಅವಳಿಗೆ ಹೆದರುತ್ತಿದ್ದರು. ಈಗ ಬಸುರಿಯರ ಕ್ಷೇಮ ಕೇಳಲು ಅವಳ ಹತ್ತಿರ ಬರುತ್ತಾರೆ.

ಸೊಸೆ ಥಾಯ್‌ನಲ್ಲಿ ಏನೋ ಕೇಳಿದಳು. ಪಾ ಏನೋ ಹೇಳಿದರು. ಸೊಸೆ ನನ್ನ ಕಡೆ ತಿರುಗಿದಳು. "ಅತ್ತಿ, ತಮ್ಮ ಹುಟ್ಟೋಕಿಂತ ಮೊದ್ಲ ಪಾ ಇಲ್ಲಿ ಬಂದು ಹೂ ಕೊಟ್ಟಾರಂತ. ಮಮ್ಮಿ ಸಲುವಾಗಿ."

ನಮ್ಮ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಪಾ ಹೇಳಿಯೂ ಇರಲಿಲ್ಲ. ನಮ್ಮ ಮನೆಯ ಬಸುರಿಗಾಗಿ, ತಮ್ಮ ಊರಿನ ತಾಯಿಯ ಮುಂದೆ, ನಮಗೆ ಗೊತ್ತಿಲ್ಲದೆ ಕೈ ಮುಗಿದಿದ್ದರು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರಿಗೆ ಗಾಬರಿಯಾಗಿ ನನ್ನ ಎರಡೂ ತೋಳು ಹಿಡಿದು ಎತ್ತಿದರು. ಆ ಹಿಡಿತ ಈಗಲೂ ನೆನಪಿದೆ. ಕೆಂಡದ ಮುಂದೆ ಕೂತು ಒಣಗಿದ ಕೈ, ಗಟ್ಟಿ ಕೈ.

ಸೊಸೆ ಫ್ರಾಕಿನ ಕಿಸೆಯಿಂದ ಸೊಂಡಿಲು ಮುರಿದ ಆನೆಯನ್ನು ತೆಗೆದಳು. ತಂದದ್ದು ನನಗೂ ಗೊತ್ತಿರಲಿಲ್ಲ. ಕೂಸಿನ ಆಟದ ಸಾಮಾನಿನ ನಡುವೆ, ಒಂದು ಪ್ಲಾಸ್ಟಿಕ್ ಕಾರಿನ ಪಕ್ಕ ಅದನ್ನಿಟ್ಟಳು.

ಕಾಲುವೆಯ ಮೆಟ್ಟಿಲಿಗೆ ಇಳಿದೆವು. ಕಪ್ಪು ನೀರು, ಅದರ ಮೇಲೆ ನೂರಾರು ದೀಪ. ಮೀನುಗಳು ಬಾಯಿ ತೆರೆದು ಮೇಲೆ ಬರುತ್ತಿದ್ದವು. ಚಪ್ಪಲಿ ಬಿಟ್ಟು ಕೂತು ಮೇಣದಬತ್ತಿ ಹಚ್ಚಿದೆ. ದೊನ್ನೆ ಹಣೆಗೆ ಒತ್ತಿ ಕಣ್ಣು ಮುಚ್ಚಿದಾಗ ಥಾಯ್ ಮಾತು ಮರೆತುಹೋಯಿತು. ನಮ್ಮ ಮಾತಲ್ಲೇ ಹೇಳಿದೆ. ತಪ್ಪಾತವ್ವಾ. ಮೋಟಾರು ಹಚ್ಚಿ ಎಳೆದಿದ್ದೇವೆ. ಔಷಧಿ ಹೊಡೆದ ಡಬ್ಬಿ ನಿನ್ನಲ್ಲೇ ತೊಳೆದಿದ್ದೇವೆ. ಹಳೇ ದೇವರ ಫೋಟೋ, ಹರಿದ ಬಟ್ಟೆ ನಿನಗೇ ಹಾಕಿದ್ದೇವೆ. ಚಳಿಗಾಲದಲ್ಲಿ ಒಂದೊಂದು ವರ್ಷ ಡ್ಯಾಂನಲ್ಲಿ ನೀನು ಹಸಿರುಗಟ್ಟಿದಾಗ ಮೂಗು ಮುಚ್ಚಿಕೊಂಡು ಹೋಗಿದ್ದೇವೆ. ಇಷ್ಟು ಉದ್ದ ಹೇಳುತ್ತೇನೆ ಅಂತ ನಾನೂ ಅಂದುಕೊಂಡಿರಲಿಲ್ಲ. ದೊನ್ನೆ ಬಿಟ್ಟೆ. ಒಂದು ಸುತ್ತು ತಿರುಗಿ, ಪಾ ಅವರ ದೊನ್ನೆಗೆ ತಾಗಿ, ಎರಡೂ ಜೊತೆಯಾಗಿ ಹೋದವು.

ಅಷ್ಟರಲ್ಲಿ ಅವ್ವನ ಫೋನ್ ಬಂತು. ಅಲ್ಲಿ ಏಳೂ ಕಾಲು, ಊರಲ್ಲಿ ಇನ್ನೂ ಆರಕ್ಕೆ ಕಾಲು ಗಂಟೆ ಬಾಕಿ.

"ಗೌರಿಗೆ ಆರತಿ ಬೆಳಗಿದ್ರ್ಯಾ?"

"ಇನ್ನಾ ಇಲ್ಲಬೇ. ಗಂಗವ್ವನ ಹತ್ರ ಬಂದೀವಿ."

"ಅಲ್ಲೆಲ್ಲಿ ಗಂಗವ್ವ ಬರ್ತಾಳ?"

ಫೋನನ್ನು ನೀರಿನ ಕಡೆ ತಿರುಗಿಸಿದೆ. ಅವ್ವ ನೋಡಿ, ಅಲ್ಲಿಂದಲೇ ಕೈ ಮುಗಿದಳು.

ಮನೆಗೆ ಬಂದು ತೇರು, ಗಿಳಿ ಇಟ್ಟು ಗೌರಿಗೆ ಆರತಿ ಬೆಳಗಿದೆವು. ಪಾ ಕೂಡ ಬಂದಿದ್ದರು. ಗಿಳಿಯನ್ನು ಮುರಿದು ಪ್ರಸಾದ ಅಂತ ಕೊಟ್ಟೆ. ತೇರು ಸೊಸೆಯ ಪಾಲು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಅದೇ ಮೆಟ್ಟಿಲಿಗೆ ನಾನೊಬ್ಬಳೇ ಹೋದೆ. ಹೋಗದೆ ಇರಲು ಆಗಲಿಲ್ಲ. ಕಾಲುವೆ ಖಾಲಿ. ರಾತ್ರಿಯಿಂದಲೇ ನಗರಸಭೆಯ ದೋಣಿಗಳು ಓಡಾಡಿ ಎಲ್ಲವನ್ನೂ ಎತ್ತಿದ್ದವು. ಅವರು ಸುಮ್ನೆ ಎತ್ತುವುದಿಲ್ಲ, ಎಣಿಸುತ್ತಾರೆ. ಮಧ್ಯಾಹ್ನ ತಮ್ಮ ಫೋನಿನಲ್ಲಿ ಸುದ್ದಿ ತೋರಿಸಿದ. ಬ್ಯಾಂಕಾಕಿನಲ್ಲಿ ಆ ರಾತ್ರಿ ಎತ್ತಿದ ಕ್ರಥೋಂಗ್ 5 ಲಕ್ಷಕ್ಕಿಂತ ಜಾಸ್ತಿ. ಹಿಂದಿನ ವರ್ಷ 6 ಲಕ್ಷ ದಾಟಿತ್ತು. ಈ ಸಲ ನೂರಕ್ಕೆ 98ರಷ್ಟು ಎಲೆ, ಬೊಡ್ಡೆ, ಬ್ರೆಡ್ಡಿನಂಥವು. ಒಂದು ಕಾಲದಲ್ಲಿ ಥರ್ಮೊಕೋಲಿನದೇ ಹಾವಳಿಯಂತೆ. ಮನೆಗೊಂದೇ ಬಿಡಿ ಅಂತ ಹೇಳುತ್ತಾರೆ, ಜನ ಕೇಳುತ್ತಾರೆ. ಕ್ಷಮೆ ಕೇಳಿದವರು ಕಸ ಬಿಟ್ಟು ಹೋಗಬಾರದು ಅಲ್ವಾ. ನನಗೆ ದೀಪಗಳಷ್ಟೇ ಆ ಖಾಲಿ ನೀರೂ ಚಂದ ಕಂಡಿತು.

ಊರಿಗೆ ಬಂದ ಮೇಲೆ ಈ ಕತೆಯನ್ನು ಎಷ್ಟು ಸಲ ಹೇಳಿದೆನೋ. 2025ರ ಗೌರಿ ಹುಣ್ಣಿಮೆ ನವೆಂಬರ್ 5ಕ್ಕೆ ಬಂತು. ಗೇಟುಗಳ ಭಯಕ್ಕೆ ಆ ವರ್ಷ ಡ್ಯಾಂನಲ್ಲಿ 80 ಟಿಎಂಸಿಯಷ್ಟೇ ನೀರು ನಿಲ್ಲಿಸಿದ್ದರು. ಎರಡನೇ ಬೆಳೆಯದು ಎಲ್ಲರಿಗೂ ಚಿಂತೆ. ಅದೇ ಹೊತ್ತಿಗೆ ನಮ್ಮ ತೋಟದಲ್ಲಿ ಗೊನೆ ಕಡಿದಿತ್ತು, ಬೊಡ್ಡೆಗೆ ಬರವಿರಲಿಲ್ಲ. ಓಣಿಯ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹನ್ನೊಂದು ದೊನ್ನೆ ಮಾಡಿದೆ. ಎಲೆ, ಕಡ್ಡಿ, ಎಕ್ಕದ ಹೂ, ಎಣ್ಣೆ ಬತ್ತಿಯ ದೀಪ. ನಾಣ್ಯ ಇಡಲಿಲ್ಲ.

ಆದರೆ ಮರುದಿನ ಎತ್ತುವವರು ಯಾರು? ನಮ್ಮಲ್ಲಿ ದೋಣಿ ಬರುವುದಿಲ್ಲ. ಹೊಳೆ ಕಾಲುವೆಯಲ್ಲ, ಒಂದು ತಾಸಿನಲ್ಲಿ ಎಲ್ಲಿಗೋ ಒಯ್ಯುತ್ತದೆ. ನಾವು ಇದನ್ನೇ ಮಾತಾಡುತ್ತಿದ್ದಾಗ ಮೂಲೆಯಲ್ಲಿ ಕೂತಿದ್ದ ಚಿಗವ್ವ ಹೇಳಿದಳು: "ದಾರ ಕಟ್ರಿ. ದೀಪ ಆರಿದ ಮ್ಯಾಲ ಎಳಕೊಂಡ್ರಾತು."

ದಾರ ಯಾಕೆ, ಬಾಳೆಯ ನಾರೇ ಇತ್ತು. ಚಿಗವ್ವನೇ ತೊಡೆಯ ಮೇಲೆ ಹೊಸೆದು ಹನ್ನೊಂದು ಉದ್ದನೆಯ ಎಳೆ ಮಾಡಿಕೊಟ್ಟಳು.

ಸಂಜೆ ಗೌರಿ ಆರತಿ ಮುಗಿಸಿ ಹೊಳೆಗೆ ಹೋದೆವು. ಅವ್ವ ಕೋಲು ಊರಿಕೊಂಡು ಬಂದು ಬಂಡೆಯ ಮೇಲೆ ಕೂತಳು. ಬ್ಯಾಂಕಾಕಿನಿಂದ ಸೊಸೆ ವಿಡಿಯೋ ಕಾಲ್‌ನಲ್ಲಿದ್ದಳು, ಅವಳ ಹಿಂದೆ ಪಾ. ನಾನು ಹೇಳಿದಷ್ಟು ಉದ್ದ ಅವ್ವ ಹೇಳಲಿಲ್ಲ. ದೊನ್ನೆ ಹಣೆಗೆ ಮುಟ್ಟಿಸಿ "ತಪ್ಪಾತು ನಮ್ಮವ್ವಾ" ಅಂದಳು, ಅಷ್ಟೇ. ನಾನು ಅದನ್ನು ಇಸಿದುಕೊಂಡು ನೀರಿಗೆ ಬಿಟ್ಟೆ. ದೊನ್ನೆ ಬಂಡೆ ಬಳಸಿ ನಡುಹೊಳೆಯ ಕಡೆ ಸರಿಯಿತು. ಬೆರಳಿಗೆ ಸುತ್ತಿದ್ದ ನಾರು ಬಿಚ್ಚಿಕೊಳ್ಳುತ್ತಾ ಹೋಗಿ ಬಿಗಿಯಾಯಿತು. ಹೊಳೆ ಎಳೆಯುತ್ತಿತ್ತು, ನಾನು ಹಿಡಿದಿದ್ದೆ.

"ಅತ್ತಿ, ಎಷ್ಟ್ ದೂರ ಹೋತು?" ಅಂತ ಸೊಸೆ ಕೇಳುತ್ತಲೇ ಇದ್ದಳು.